ಲಾಬೆಲ್‌ನ ಹಸುಗಳ ಪಾಳಿ

ಕರೆಂಟು ಹೋದಾಗ ನಮ್ಮ ಮನೆಯಲ್ಲಿ ಮೊದಲು ಕಿರುಚಿಕೊಂಡದ್ದು ಅತ್ತೆಯ ಉಸಿರಿನ ಯಂತ್ರ. ಕುಂಯ್ಯೋ ಅಂತ ಒಂದೇ ಸಮ. ಕ್ರಿಸ್ಮಸ್ ಮುಗಿದ ಮೇಲೆ ಬರೋ ಮೂರು ರಾಯರ ಹಬ್ಬದ ಕೇಕಿಗೆ ಹಿಟ್ಟು ಕಲಸುತ್ತಿದ್ದವಳು ಅದೇ ಕೈಯಲ್ಲಿ ಓಡಿದೆ. ಅತ್ತೆ ತಮ್ಮ ಕುರ್ಚಿಯಲ್ಲಿ ಕೂತು ಮೂಗಿನ ಕೊಳವೆ ಸರಿಮಾಡಿಕೊಳ್ಳುತ್ತ, "ಅದರ ಬಾಯಿ ಮುಚ್ಚಿಸೇ ಮೊದಲು. ನಾನೇ ಇನ್ನೂ ಕೂಗಿಲ್ಲ, ಅದಕ್ಕೇನು ಬಂತು ರೋಗ," ಅಂದರು.

ಅದು ತೊಂಬತ್ತೆಂಟರ ಜನವರಿ. ಹಿಮ ನಮಗೇನು ಹೊಸದಲ್ಲ. ಕ್ಯುಬೆಕ್‌ನಲ್ಲಿ ಹುಟ್ಟಿದವರು ನಡೆಯೋದು ಕಲಿಯೋ ಮೊದಲೇ ಸಲಿಕೆ ಹಿಡಿದಿರ್ತೀವಿ. ಮೊಣಕಾಲುದ್ದ ಬೀಳಲಿ, ಸೊಂಟದುದ್ದ ಬೀಳಲಿ, ಬೈಕೊಂಡು ಎತ್ತಿ ಹಾಕ್ತೀವಿ, ಮುಗೀತು. ಇದು ಹಿಮ ಅಲ್ಲ, ಮಳೆ. ನೀರಾಗಿ ಬಿದ್ದು, ತಾಗಿದ ಕಡೆ ಗಾಜಾಗುವ ಮಳೆ. ಇಂಥದ್ದು ಪ್ರತಿ ಚಳಿಗಾಲಕ್ಕೂ ಒಂದರ್ಧ ದಿನ ಬಂದು ಹೋಗುತ್ತೆ. ಈ ಸಲ ಬಂದದ್ದು ಹೋಗಲೇ ಇಲ್ಲ. ತಂತಿಗಳು ನನ್ನ ಮುಂಗೈ ದಪ್ಪ ಆದವು, ಕಂಬಗಳು ಒಂದನ್ನೊಂದು ಎಳೆದುಕೊಂಡು ಮಲಗಿದವು, ಮೇಪಲ್ ಮರಗಳ ಕೊಂಬೆಗಳು ಹಗಲೆಲ್ಲ ಗುಂಡು ಹೊಡೆದ ಹಾಗೆ ಮುರಿದವು. ಬ್ಯಾಟರಿ ರೇಡಿಯೊದಲ್ಲಿ ಮಾಂಟ್ರಿಯಲ್‌ನ ಯಾವಳೋ ಒಬ್ಬಳು, ಊರೆಲ್ಲ ಹರಳಿನಲ್ಲಿ ಮಾಡಿದ ಹಾಗಿದೆ, ಎಷ್ಟು ಚೆಂದ ಅಂದಳು. ಚೆಂದವಂತೆ! ಅವಳ ಬಾಯಿಗಿಷ್ಟು ಮಣ್ಣು ಹಾಕ.

ನಮ್ಮತ್ತೆ ರೋಸ್-ಅಲ್ಮಾ. ಎಂಬತ್ತರ ಹತ್ತಿರ. ಬುದ್ಧಿ ಬಂದಾಗಿನಿಂದ ಒಣಹುಲ್ಲಿನ ಧೂಳು ಕುಡಿದು ಕುಡಿದು ಶ್ವಾಸಕೋಶ ಜರಡಿಯಾಗಿತ್ತು. ಗೋಡೆಗೆ ಸಿಕ್ಕಿಸುವ ಯಂತ್ರವೊಂದು ಹಗಲೂ ರಾತ್ರಿ ಗುರುಗುಡುತ್ತ ಅವರಿಗೆ ಆಮ್ಲಜನಕ ಕೊಡುತ್ತಿತ್ತು. ಕರೆಂಟು ಹೋದರೆ ಇರಲಿ ಅಂತ ಒಂದು ದೊಡ್ಡ ಸಿಲಿಂಡರು. ಅದನ್ನು ತಂದುಕೊಟ್ಟ ಮನುಷ್ಯ ಗುಂಡಿಯನ್ನು ಎರಡರ ಅಂಕಿಗೆ ತಿರುಗಿಸಿ ತೋರಿಸಿದ್ದ. "ಹೀಗಿಟ್ರೆ ಎರಡು ದಿನ ಬರುತ್ತೆ. ಎರಡರಿಂದ ಕೆಳಗೆ ಇಳಿಸಬೇಡಿ, ಇವರಿಗೆ ಸಾಲಲ್ಲ. ಬೆಂಕಿ ಹತ್ರ ಮಾತ್ರ ತರಬೇಡಿ, ಮನೆ ಸಮೇತ ಸ್ವರ್ಗಕ್ಕೆ ಹೋಗ್ತೀರ."

"ಸ್ವರ್ಗಕ್ಕೇ ಅಂತ ಯಾರು ಹೇಳಿದ್ದು?" ಅಂದಿದ್ದರು ಅತ್ತೆ, ನನ್ನ ಕಡೆ ನೋಡಿಕೊಂಡು.

ಬೆಂಕಿ ಇರೋದು ಅಡುಗೆಮನೆಯಲ್ಲಿ, ಸೌದೆ ಒಲೆ. ಇಡೀ ಮನೆಗೆ ಈಗ ಅದೊಂದೇ ಬಿಸಿ. ಹಾಗಾಗಿ ಸಿಲಿಂಡರನ್ನು ಬೀದಿ ಕಡೆಯ ಕೋಣೆಯಲ್ಲಿಟ್ಟು, ಉದ್ದದ ಕೊಳವೆಯನ್ನು ಬಾಗಿಲಡಿಯಿಂದ ಎಳೆದು, ಅಡುಗೆಮನೆಯ ಆ ತುದಿಗೆ, ಒಲೆಯಿಂದ ಆದಷ್ಟು ದೂರ ಅತ್ತೆಯನ್ನು ಕೂರಿಸಿದೆವು. ಮೇಲೆ ಮೂರು ಕಂಬಳಿ. ಬೆಚ್ಚಗಿರಬೇಕು ಅಂದ್ರೆ ಉಸಿರಿನಿಂದ ದೂರ, ಉಸಿರಾಡಬೇಕು ಅಂದ್ರೆ ಬೆಂಕಿಯಿಂದ ದೂರ. ಎಂಥ ಕರ್ಮ ಹೇಳಿ.

ಬೀದಿ ಕೋಣೆ ಅಂದ್ರೆ ನಮ್ಮ ಕಡೆ ಪಾದ್ರಿ ಬಂದಾಗ, ಮದುವೆ ಮಾತಾಡುವಾಗ, ಹೆಣ ಮಲಗಿಸುವಾಗ ಮಾತ್ರ ಬಾಗಿಲು ತೆಗೆಯೋ ಕೋಣೆ. ಗೋಡೆಯ ಮೇಲೆ ಯೇಸುವಿನ ತಿರುಹೃದಯದ ಪಟ. ಈಗ ಅದರ ಕೆಳಗೆ ಆ ಹಸಿರು ಸಿಲಿಂಡರು ನಿಂತಿತು.

ಸಂಜೆಗೆ ಹಸುಗಳು ಶುರುಮಾಡಿದವು. ಹಾಲು ಕರೆಯೋ ಯಂತ್ರ ನಿಂತಿದೆ, ನೀರೆತ್ತೋ ಪಂಪು ನಿಂತಿದೆ, ಕೊಟ್ಟಿಗೆಯ ಫ್ಯಾನು ನಿಂತು ಹೊಗೆಯಂಥ ಹಬೆ ತುಂಬಿದೆ. ಕೆಚ್ಚಲು ಬಿಗಿದ ಹಸುವಿನ ಕೂಗು ಕೇಳಿದವರಿಗೇ ಗೊತ್ತು. ನಾನೂ ನನ್ನ ಗಂಡ ಗಿಲೆನ್‌ನೂ ಬಕೆಟ್ಟು ಹಿಡಿದು ಕೂತೆವು. ಯಂತ್ರಕ್ಕೆ ಒಗ್ಗಿದ ಹಸುಗಳು, ಕೈ ಹಾಕಿದರೆ ಒದೀತಾವೆ. ಅರ್ಧ ಕೊಟ್ಟಿಗೆ ಮುಗಿಸುವಷ್ಟರಲ್ಲಿ ನನ್ನ ಬೆರಳು ಮಡಿಸೋಕೆ ಬರಲಿಲ್ಲ. ಒಳಗೆ ಬಂದು ಕೈಯನ್ನು ಬಿಸಿನೀರಲ್ಲಿಟ್ಟು ಕೂತರೆ ಅತ್ತೆಯ ಕೊಂಕು: "ನಾನು ಗಿಲೆನ್‌ನ ಹೆರೋ ದಿನ ಬೆಳಗ್ಗೆ ಇಡೀ ಕೊಟ್ಟಿಗೆ ಕರೆದು ಬಂದಿದ್ದೆ ಕಣೇ."

"ಅದಕ್ಕೇ ಅವನು ಹೀಗೆ ಅರ್ಧ ನಿದ್ದೇಲಿ ಹುಟ್ಟಿರೋದು," ಅಂದೆ. ಅತ್ತೆ ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲೋಕೆ ಎಷ್ಟೋ ಹೊತ್ತು ಬೇಕಾಯಿತು. ಅವರ ಬೆನ್ನು ನೀವುತ್ತ ಕೂತಾಗ ಆ ಮೂಳೆಗಳು ನನ್ನ ಅಂಗೈಗೆ ತಾಗಿ ಹೆದರಿಕೆಯಾಯಿತು.

ಮರುದಿನ ಬೆಳಕು ಹರಿದ ಮೇಲೆ ವಿಯಾನೆ ಬಂದ. ಪಕ್ಕದ ಹೊಲದವನು. ಸುತ್ತಮುತ್ತಲಲ್ಲಿ ಜನರೇಟರ್ ಇದ್ದದ್ದು ಅವನೊಬ್ಬನ ಹತ್ತಿರ. ಟ್ರ್ಯಾಕ್ಟರಿನ ಹಿಂದೆ ಕಟ್ಟಿ, ಟ್ರ್ಯಾಕ್ಟರಿನ ಎಂಜಿನ್ನಿನಿಂದಲೇ ತಿರುಗಿಸೋದು. ರಸ್ತೆಯಲ್ಲಿ ಕಂಬಗಳು ಬಿದ್ದು, ಸತ್ತ ತಂತಿ ಯಾವುದು ಜೀವ ಇರೋ ತಂತಿ ಯಾವುದು ಅಂತ ಯಾರಿಗೂ ಗೊತ್ತಿಲ್ಲ. ಹೊಲದ ಮೇಲೆಯೇ, ಚಕ್ರಕ್ಕೆ ಸರಪಳಿ ಸುತ್ತಿ, ಬಸವನಹುಳದ ಹಾಗೆ ಬಂದಿದ್ದ.

"ಪಾಳಿ ಮಾಡ್ಕೊಳ್ಳೋಣ," ಅಂದ. "ನಾನು, ನೀವು, ಆಮೇಲೆ ಲಾಬೆಲ್. ಒಂದ್ಸಲ ಕರೆಯೋವಷ್ಟು ಹೊತ್ತು ನಿಲ್ಲಿಸ್ತೀನಿ, ಮುಂದಿನ ಮನೆ, ತಿರುಗಿ ಮೊದಲಿಂದ. ಮೂರು ಕೊಟ್ಟಿಗೆಗಿಂತ ಹೆಚ್ಚು ನನ್ನ ಕೈಲಾಗಲ್ಲ."

ಲಾಬೆಲ್ ಅನ್ನೋ ಹೆಸರು ಕೇಳಿ ನಾನು ಅತ್ತೆಯ ಮುಖ ನೋಡಿದೆ. ಆ ಮುದುಕನಿಗೂ ನಮ್ಮ ಅತ್ತೆಗೂ ಇಪ್ಪತ್ತು ವರ್ಷದಿಂದ ಮಾತಿಲ್ಲ. ಅವನ ಬೆರಕೆ ಹೋರಿ ಬೇಲಿ ಹಾರಿ ಬಂದು, ಪ್ರದರ್ಶನಕ್ಕೆ ಅಂತ ಸಾಕಿದ್ದ ಅತ್ತೆಯ ಅಪ್ಪಟ ತಳಿಯ ಕಡಸನ್ನು ಬಸುರು ಮಾಡಿತ್ತು. ಅವನು ಬಂದು ತಪ್ಪಾಯ್ತು ಅನ್ನೋದು ಬಿಟ್ಟು, "ನಿಮ್ಮ ಕಡಸೇ ಕಣ್ಣು ಹೊಡೀತು," ಅಂದುಬಿಟ್ಟ. ಇಗರ್ಜಿಯ ಮೆಟ್ಟಿಲ ಮೇಲೆ, ಎಲ್ಲರೆದುರಿಗೆ. ಅಲ್ಲಿಗೆ ಮುಗೀತು. ಪೂಜೆ ಹೊತ್ತಲ್ಲಿ ಅಕ್ಕಪಕ್ಕದವರಿಗೆ ಶಾಂತಿ ಕೋರಿ ಕೈ ಕುಲುಕುವಾಗಲೂ ಅತ್ತೆ ಅವನಿಗೆ ಕೈ ಕೊಟ್ಟವರಲ್ಲ.

ಆದರೆ ಅತ್ತೆ ಕಂಬಳಿ ಮೇಲೆಳೆದುಕೊಂಡರು, ಅಷ್ಟೇ. ಜನರೇಟರ್ ಗುಡುಗಿತು, ದೀಪ ಬಂತು, ಅವರ ಯಂತ್ರ ಗುರುಗುಟ್ಟಿತು. ಸಿಲಿಂಡರಿನ ಗುಂಡಿ ಮುಚ್ಚಿ ಕೊಳವೆಯನ್ನು ಯಂತ್ರಕ್ಕೆ ಸಿಕ್ಕಿಸಿದೆ. ಅವರ ತುಟಿಗೆ ಬಣ್ಣ ಬಂದದ್ದು ಕಣ್ಣೆದುರಿಗೇ ಕಂಡಿತು. ಆ ಕ್ಷಣಕ್ಕೇ ನಾನು ಮನಸ್ಸಲ್ಲಿ ನಿಶ್ಚಯ ಮಾಡಿಬಿಟ್ಟೆ, ಈ ಜನರೇಟರ್ ನಮ್ಮ ಅಂಗಳ ಬಿಟ್ಟು ಹೋಗಬಾರದು.

ಹಸುಗಳನ್ನೆಲ್ಲ ಕರೆದು, ನೀರು ಕುಡಿಸಿ, ಹಾಲನ್ನು ಮೋರಿಗೆ ಸುರಿದೆವು. ಹಾಲಿನ ಲಾರಿ ಬರೋ ಹಾಗಿರಲಿಲ್ಲ, ತೊಟ್ಟಿ ತುಂಬಿಹೋಗಿತ್ತು. ವಿಯಾನೆ ಬಂದು ಕೊಂಡಿ ಬಿಚ್ಚೋಕೆ ಬಗ್ಗಿದ. ನಾನು ಅಡ್ಡ ನಿಂತೆ.

"ಮುಟ್ಟಬೇಡ ವಿಯಾನೆ. ಅದು ಇಲ್ಲೇ ಇರಲಿ."

"ಮಾರಿಯೆಲ್, ಲಾಬೆಲ್‌ನ ಹಸು ನಿನ್ನೆ ಬೆಳಗ್ಗೆಯಿಂದ ಕರೆದಿಲ್ಲ."

"ಹಸು ಸತ್ರೆ ಇನ್ನೊಂದು ಹಸು ಬರುತ್ತೆ. ಒಳಗೆ ಒಂದು ಮನುಷ್ಯ ಜೀವ ಇದೆ. ಸಿಲಿಂಡರ್ ಮುಗಿದ್ರೆ ನೀನು ಬಂದು ಊದ್ತೀಯಾ ಮೂಗಿಗೆ?"

ವಿಯಾನೆ ಟೋಪಿ ತೆಗೆದು ತಲೆ ಕೆರೆದುಕೊಂಡ. ನನ್ನ ಗಂಡ ಬೂಟಿನ ತುದಿ ನೋಡುತ್ತ ನಿಂತಿದ್ದ. ಹಾವೂ ಸಾಯಬಾರದು, ಕೋಲೂ ಮುರೀಬಾರದು ಅನ್ನೋ ಜಾತಿ ಅವನದು. "ಏನಾದ್ರೂ ಹೇಳೋ, ನಿನ್ನಮ್ಮ ತಾನೇ!" ಅಂತ ಕಿರುಚಿದೆ. "ಹೂಂ..." ಅಂದ. ಹೂಂ ಅಂತೆ!

ಅಷ್ಟರಲ್ಲಿ ಅಡುಗೆಮನೆ ಬಾಗಿಲು ತೆರೆಯಿತು. ಅತ್ತೆ. ಮೂಗಿನ ಕೊಳವೆ ಕಿತ್ತು ಕತ್ತಿಗೆ ಹಾಕಿಕೊಂಡು, ರಾತ್ರಿಯುಡುಪಿನ ಮೇಲೆ ಗಿಲೆನ್‌ನ ಕೋಟು ಹೊದ್ದು, ಕೋಲೂರಿ ಹೊಸ್ತಿಲಲ್ಲಿ ನಿಂತಿದ್ದರು. ಮಳೆ ಅವರ ಮುಖಕ್ಕೇ ಹೊಡೆಯುತ್ತಿತ್ತು.

"ಕಳಿಸೇ ಅದನ್ನ!"

"ಅತ್ತೆ, ಒಳಗೆ ನಡೀರಿ—"

"ಮೊದಲು ಕಳಿಸು. ಕಿವಿ ಇಲ್ವಾ ನಿಂಗೆ? ಕೇಳು." ಹೊಲದಾಚೆಯಿಂದ ಲಾಬೆಲ್‌ನ ಕೊಟ್ಟಿಗೆ ಒಂದೇ ಸಮ ಗೋಳಿಡುತ್ತಿತ್ತು. "ನನ್ನ ಜಗಳ ಆ ಮುದಿಗೂಬೆ ಹತ್ರ. ಹಸುಗಳ ಹತ್ರ ಅಲ್ಲ. ನನ್ನ ಹೆಸರು ಹೇಳಿ ಪಾಳಿ ತಪ್ಪಿಸಿದ್ರೆ ನಾನು ಈ ಬಾಗಿಲಿಂದ ಅಲ್ಲಾಡಲ್ಲ. ನೋಡ್ತೀನಿ ಯಾರಿಗೆ ಹಠ ಜಾಸ್ತಿ ಅಂತ."

ಅವರ ಉಸಿರು ಸಿಳ್ಳೆ ಹಾಕುತ್ತಿತ್ತು. ಅಲ್ಲಿ ನಿಲ್ಲಿಸಿ ವಾದ ಮಾಡಿದ್ದರೆ ಅಲ್ಲೇ ಬೀಳುತ್ತಿದ್ದರು. ನಾನು ದಾರಿ ಬಿಟ್ಟೆ. ವಿಯಾನೆ ಕೊಂಡಿ ಬಿಚ್ಚಿದ. ಟ್ರ್ಯಾಕ್ಟರ್ ಹೊಲ ದಾಟೋವರೆಗೂ ಅತ್ತೆ ಬಾಗಿಲಲ್ಲೇ ನಿಂತು ನೋಡಿದರು. ಒಳಗೆ ಬಂದಾಗ ಅವರ ಹುಬ್ಬಿನ ಮೇಲೆ ಮಂಜುಗಡ್ಡೆ ಕಟ್ಟಿತ್ತು. ಕೊಳವೆಯನ್ನು ತಿರುಗಿ ಸಿಲಿಂಡರಿಗೆ ಸಿಕ್ಕಿಸಿ, ಗುಂಡಿಯನ್ನು ಎರಡಕ್ಕಿಟ್ಟು ಬಂದು, ನಾನು ಅದನ್ನು ಒರೆಸುತ್ತ ಬಾಯಿಗೆ ಬಂದ ಹಾಗೆ ಬೈದೆ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅಷ್ಟು ಬೈದಿರಲಿಲ್ಲ. ಅತ್ತೆ ಕಣ್ಣು ಮುಚ್ಚಿ ಕೇಳಿಸಿಕೊಂಡರು, ಮಧ್ಯೆ ಒಂದ್ಸಲ, "ಇನ್ನೂ ಇದೆಯಾ?" ಅಂದರು.

ಮಧ್ಯಾಹ್ನ ಬೆಂಕಿ ಆರಿಸೋ ದಳದ ಸ್ವಯಂಸೇವಕ ಒಬ್ಬ ಊರಿಂದ ನಡೆದು ಬಂದ. ಬೂಟಿನ ಮೇಲೆ ಉಣ್ಣೆಯ ಕಾಲುಚೀಲ ಎಳೆದುಕೊಂಡು, ಜಾರದ ಹಾಗೆ. ಮನೆಮನೆಗೆ ಹೋಗಿ ಯಾರಿಗೆ ಏನು ಬೇಕು ಅಂತ ಕೇಳುತ್ತಿದ್ದ. ಫೋನೂ ಆ ಹೊತ್ತಿಗೆ ಸತ್ತಿತ್ತು. ಅವನನ್ನು ಕಂಡು ನನಗೆ ಅಳುವೇ ಬಂತು. ಶಾಲೆಯಲ್ಲಿ ಮಂಚ ಹಾಕಿದ್ದಾರೆ, ಡಾಕ್ಟರಿದ್ದಾರೆ, ಕರೆಂಟಿದೆ ಅಂದ.

"ಹಾಗಾದ್ರೆ ಇವರನ್ನ ಕರ್ಕೊಂಡು ಹೋಗಿ," ಅಂದೆ.

"ಈಗ ಹೇಗಮ್ಮ? ಸೇತುವೆ ಹತ್ರ ಕರೆಂಟು ತಂತಿಯ ದೊಡ್ಡ ಗೋಪುರ ಅಡ್ಡ ಬಿದ್ದಿದೆ. ನಾನೇ ಅದರ ಅಡೀಲಿ ತೆವಳಿ ಬಂದೆ. ಸೈನ್ಯದವರು ಬಂದಿದಾರೆ, ತೆಗೀತಾರೆ. ನಾಳೆ ಆಗ್ಬೋದು, ನಾಡಿದ್ದಾಗ್ಬೋದು. ದಾರಿ ಆದ ತಕ್ಷಣ ಮೊದಲು ಇಲ್ಲಿಗೇ ಬರ್ತೀವಿ. ಸಿಲಿಂಡರೂ ತರ್ತೀವಿ. ಅಲ್ಲೀವರೆಗೂ ಇರೋದು ಸಾಕಾಗುತ್ತಾ?"

ನಾನು ಬಾಯಿ ತೆರೆಯೋ ಮೊದಲೇ ಅತ್ತೆ, "ಸಾಕಾಗುತ್ತೆ," ಅಂದರು. "ನಾನು ಸಾಕು ಮಾಡ್ಕೋತೀನಿ."

ಯಾವುದನ್ನು ತಾನೇ ಸಾಕು ಮಾಡಿಕೊಂಡಿರಲಿಲ್ಲ ಅವರು! ಪ್ಲಾಸ್ಟಿಕ್ ಚೀಲ ತೊಳೆದು ಒಣಗಿಸೋರು, ಸೋಪಿನ ಚೂರುಗಳನ್ನು ಒತ್ತಿ ಹೊಸ ಸೋಪು ಮಾಡೋರು, ಉರಿಯೋ ದೀಪ ಕಂಡರೆ ಪಾಪ ಕಂಡ ಹಾಗೆ ಆರಿಸೋರು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಆಲೂಗಡ್ಡೆ ಸಿಪ್ಪೆ ದಪ್ಪಗೆ ತೆಗೆದೆ ಅಂತ ಸಿಪ್ಪೆ ಎತ್ತಿ ಬೆಳಕಿಗೆ ಹಿಡಿದು ಗಂಡನಿಗೆ ತೋರಿಸಿದ್ದರು. ಅದನ್ನು ನಾನು ಇವತ್ತಿಗೂ ಮರೆತಿಲ್ಲ. ಹಾಗಾಗಿ ಅವರು 'ಸಾಕು ಮಾಡ್ಕೋತೀನಿ' ಅಂದಾಗ ನನಗೇನೂ ಅನ್ನಿಸಲಿಲ್ಲ. ಅದು ಅವರ ಬಾಯಲ್ಲಿ ದಿನಾ ಬರೋ ಮಾತು.

ನಾನು ಬೆಳಗ್ಗೆ, ಸಂಜೆ, ಮಧ್ಯೆ ನೆನಪಾದಾಗಲೆಲ್ಲ ಬೀದಿ ಕೋಣೆಗೆ ಹೋಗಿ ನೋಡುತ್ತಿದ್ದೆ. ಗುಂಡಿ ಎರಡರ ಮೇಲೇ ಇರುತ್ತಿತ್ತು. ಒಳಗೆ ಎಷ್ಟು ಉಳಿದಿದೆ ಅಂತ ತೋರಿಸೋ ಮುಳ್ಳು ಮಾತ್ರ ಇಳಿಯಬೇಕಾದಷ್ಟು ಇಳಿದಿರಲಿಲ್ಲ. ಗಿಲೆನ್‌ಗೆ ಹೇಳಿದೆ.

"ಕಂಪನಿಯವರು ಯಾವತ್ತೂ ಕಡಿಮೆ ಹೇಳ್ತಾರೆ," ಅಂದ. "ಬೇಗ ಬೇಗ ಬದಲಾಯಿಸಲಿ ಅಂತ. ಟ್ರ್ಯಾಕ್ಟರ್ ಎಣ್ಣೆಗೂ ಹಂಗೇ ಹೇಳ್ತಾರೆ."

ಮೂವತ್ತು ಹಸು ಸಾಕಿದ ಮನುಷ್ಯ, ಅವನ ಮಾತು ನಂಬಿದೆ. ನಂಬೋಕೆ ಇಷ್ಟವಿತ್ತು, ನಂಬಿದೆ. ಸಂತೋಷವಾಗಿ ಒಲೆಗೆ ಇನ್ನೆರಡು ಸೌದೆ ತುರುಕಿದೆ.

ಅತ್ತೆ ಆಗಾಗ ಎದ್ದು ಕೋಲೂರಿಕೊಂಡು ಬೀದಿ ಕೋಣೆಗೆ ಹೋಗೋರು. ಟಕ್, ಟಕ್. "ಆ ಚಳೀಲಿ ಯಾಕೆ ಹೋಗ್ತೀರ?" ಅಂದ್ರೆ, "ಜಪಸರ ಮಾಡೋಕೆ. ಆ ತಿರುಹೃದಯದ ಮುಂದೆ ಕೂತು ಬೇಡ್ಕೊಂಡ್ರೆ ಮಳೆ ನಿಲ್ಲುತ್ತೇನೋ ನೋಡೋಣ. ನಿನ್ನ ಬಾಯಿ ಕೇಳಿ ಅಂತೂ ನಿಲ್ಲಲ್ಲ," ಅನ್ನೋರು. ಹೋಗಿ ಒಂದು ಜಪ ಮುಗಿಸುವಷ್ಟು ಹೊತ್ತು ಕೂಡ ಆಗದೆ ವಾಪಸ್ಸು ಬರೋರು. ಚಳಿ ತಡೀಲಿಲ್ಲ ಅಂದುಕೊಂಡೆ. ನಾನು ಕೊಟ್ಟಿಗೆಯಿಂದ ಬರೋ ಬೂಟಿನ ಸದ್ದಾದಾಗಲೂ ಅವರು ಆ ಕಡೆಯಿಂದಲೇ ಬರುತ್ತಿರೋದು ಎಷ್ಟೋ ಸಲ ಕಂಡಿದ್ದೆ. ದೇವರ ಹತ್ತಿರ ಹೋಗಿಬರೋ ಮುದುಕಿಯನ್ನು ಯಾರು ಅನುಮಾನಿಸ್ತಾರೆ?

ಅದರ ಮರುದಿನ ಹಗಲೆಲ್ಲ ಜನರೇಟರ್ ಬರಲೇ ಇಲ್ಲ. ಬೆಳಗ್ಗೆಯಿಂದ ಕಿಟಕಿಗೆ ಮೂಗು ಒತ್ತಿಕೊಂಡು ನಿಂತೆ. ಗಿಲೆನ್ ಹೊಲ ದಾಟಿ ನಡೆದುಹೋಗಿ ಸುದ್ದಿ ತಂದ: ವಿಯಾನೆಯ ದಾರಿಗೆ ಅಡ್ಡವಾಗಿ ದೊಡ್ಡ ಓಕ್ ಮರ ಬಿದ್ದಿದೆ, ಅವನು ಗರಗಸ ಹಿಡಿದು ಒಬ್ಬನೇ ಕಡಿಯುತ್ತಿದ್ದಾನೆ. ಗಿಲೆನ್ ತಾನೂ ಕೊಡಲಿ ತಗೊಂಡು ಹೊರಟ. ನಾನು, ಅತ್ತೆ ಇಬ್ಬರೇ ಉಳಿದೆವು.

ಆವತ್ತು ಮಾತಾಡಿದಷ್ಟು ನಾವಿಬ್ಬರೂ ಯಾವತ್ತೂ ಮಾತಾಡಿರಲಿಲ್ಲ. ಕಿಟಕಿಗಳಿಗೆಲ್ಲ ಕಂಬಳಿ ಹೊಡೆದು ಚಳಿ ತಡೆದಿದ್ದೆವು. ಒಳಗೆ ಹಗಲಲ್ಲೇ ಮಬ್ಬು, ಒಂದು ಮೇಣದಬತ್ತಿ ಒಲೆಯ ಪಕ್ಕ. ಒಲೆಯ ಮೇಲೆ ಬಟಾಣಿ ಸೂಪು, ಉಪ್ಪಿಟ್ಟ ಹಂದಿಮಾಂಸದ ತುಂಡು ಹಾಕಿ. ಅತ್ತೆ ಎರಡು ಚಮಚ ಕುಡಿದು ಬಟ್ಟಲು ತಳ್ಳಿದರು.

"ಉಪ್ಪು ಜಾಸ್ತಿಯಾ?"

"ಉಪ್ಪು ಸರಿ ಇದೆ. ಇಪ್ಪತ್ತಾರು ವರ್ಷಕ್ಕೆ ಸರಿ ಹೋಯ್ತು."

"ಅಯ್ಯೋ, ಎಲ್ಲಿ ಬರೆದಿಡಲಿ ಇದನ್ನ!"

ಅವರು ನಕ್ಕರು, ಸದ್ದಿಲ್ಲದೆ, ಭುಜ ಮಾತ್ರ ಅಲ್ಲಾಡಿಸಿ. ಸದ್ದು ಮಾಡಿ ನಗೋಕೆ ಗಾಳಿ ಬೇಕು.

"ಮಾರಿಯೆಲ್."

"ಹೇಳಿ ಅತ್ತೆ."

"ನಿನ್ನೆ ಅಂಗಳದಲ್ಲಿ, ಹಸು ಸತ್ರೆ ಇನ್ನೊಂದು ಬರುತ್ತೆ ಅಂದ್ಯಲ್ಲ."

"ಅಂದೆ. ಇನ್ನೊಂದ್ಸಲ ಬೇಕಾದ್ರೂ ಅಂತೀನಿ."

"ನನ್ನ ಮಗ ಅನ್ನಲಿಲ್ಲ ನೋಡು. ನೀನು ಅಂದೆ." ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡರು. "ಒಳಗಡೆ ಕೇಳಿಸ್ತು ನಂಗೆ. ಖುಷಿಯಾಯ್ತು ಕಣೇ. ತಪ್ಪು ಮಾತೇ. ಆದ್ರೂ ಖುಷಿಯಾಯ್ತು."

ಎದ್ದು ಅವರ ಕಂಬಳಿ ಸಿಕ್ಕಿಸಿದೆ. ಅವರ ಬೆರಳು ಮುಟ್ಟಿದರೆ ಹಿಮ. ತುಟಿ ಕಪ್ಪಗೆ ಕಂಡಿತು. ಮೇಣದಬತ್ತಿ ಬೆಳಕಲ್ಲಿ ಎಲ್ಲರ ತುಟಿಯೂ ಕಪ್ಪೇ. "ತೂಕಡಿಕೆ ಬರ್ತಿದೆ," ಅಂದರು. ಮಲಗಿ ಅಂದೆ. ತೂಕಡಿಕೆ ಯಾಕೆ ಬರುತ್ತಿತ್ತು ಅಂತ ಈಗ ಗೊತ್ತು. ಆಗ, ಮುದುಕಿ ರಾತ್ರಿ ನಿದ್ದೆ ಮಾಡಿಲ್ಲ ಪಾಪ ಅಂದುಕೊಂಡೆ.

ಅತ್ತೆ ಇನ್ನೊಂದ್ಸಲ ಜಪಕ್ಕೆ ಹೋಗಿಬಂದ ಮೇಲೆ ಸಿಲಿಂಡರ್ ನೋಡಿ ಬಂದೆ. ಗುಂಡಿ ಎರಡರ ಮೇಲೆ. ಮುಳ್ಳು ಅರ್ಧಕ್ಕಿಂತ ಮೇಲೆ. "ನಾಳೆವರೆಗೂ ಧಾರಾಳ ಅತ್ತೆ," ಅಂತ ಕೂಗಿ ಹೇಳಿದೆ, ಬಹುಮಾನ ಬಂದವಳ ಹಾಗೆ.

"ನಾನು ಹೇಳಲಿಲ್ವಾ," ಅಂದರು.

ಕತ್ತಲಾಗೋ ಹೊತ್ತಿಗೆ ಟ್ರ್ಯಾಕ್ಟರಿನ ಸದ್ದು ಕೇಳಿತು. ನಾನು ಬಾಗಿಲಿಗೆ ಓಡಿದೆ. ವಿಯಾನೆಯ ಕೋಟು ಮಂಜುಗಡ್ಡೆ ಕಟ್ಟಿ ತಗಡಿನ ಹಾಗೆ ಸದ್ದು ಮಾಡುತ್ತಿತ್ತು. ಗಿಲೆನ್ ಅವನ ಪಕ್ಕ ಕೂತಿದ್ದ, ಕೈಯೆಲ್ಲ ರಕ್ತ. ಕೊಟ್ಟಿಗೆಯಲ್ಲಿ ಹಸುಗಳು ಕೂಗೋದೂ ಬಿಟ್ಟು ನರಳೋಕೆ ಶುರುಮಾಡಿದ್ದವು. ಎರಡಕ್ಕೆ ಕೆಚ್ಚಲು ಬಾವು ಬಂದಿತ್ತು. ಲಾಬೆಲ್‌ನವು ಇನ್ನೂ ಕಾಯುತ್ತಿವೆ, ಬೇಗ ಮುಗಿಸಿ ಅಂದ ವಿಯಾನೆ.

ದೀಪ ಬಂತು. ನಾನು ಅತ್ತೆಯ ಯಂತ್ರ ಸಿಕ್ಕಿಸೋಕೆ ಕೊಳವೆ ಹಿಡಿದೆ. ಅವರು ನನ್ನ ಮಣಿಕಟ್ಟು ಹಿಡಿದರು. ಹಿಡಿತದಲ್ಲಿ ಬಲವೇ ಇರಲಿಲ್ಲ.

"ಸಿಲಿಂಡರ್ ಇದೆಯಲ್ಲ. ಧಾರಾಳ ಅಂದೆ. ಇದನ್ನ ಕಿತ್ತು ಅದನ್ನ ಸಿಕ್ಕಿಸಿ... ಆಮೇಲೆ. ಹಸು ಮೊದಲು."

"ಒಂದು ನಿಮಿಷದ ಕೆಲಸ ಅತ್ತೆ."

"ಹಸು ಮೊದಲು ಕಣೇ. ಅವಕ್ಕೆ ಬಾಯಿಲ್ಲ. ನಂಗಿದೆ. ಬೇಕಾದ್ರೆ ಕೂಗ್ತೀನಿ."

ಹಸು ಮೊದಲು. ನಮ್ಮ ಹೊಲಗಳ ಕಡೆ ಹುಟ್ಟಿದ ಯಾರನ್ನೇ ಕೇಳಿ, ಮದುವೆಯ ದಿನವಾಗಲಿ ಸಾವಿನ ದಿನವಾಗಲಿ ಇದೇ ಮಾತು ಹೇಳ್ತಾರೆ. ಮಗು ಅತ್ತರೆ ಹಸು ಕರೆದು ಬಂದು ಎತ್ಕೋತೀವಿ. ನನ್ನ ತಾಯಿ ಸತ್ತ ದಿನವೂ ನಾನು ಕರೆದೇ ಹೊರಟಿದ್ದೆ. ಕಾಲು ತಾನಾಗಿಯೇ ಕೊಟ್ಟಿಗೆ ಕಡೆ ತಿರುಗಿತು. ಗುಂಡಿ ಎರಡರ ಮೇಲಿದೆ, ನಾನೇ ನೋಡಿದೀನಿ, ಏನಾಗುತ್ತೆ?

ಕೊಟ್ಟಿಗೆಯಲ್ಲಿ ದೀಪದ ಕೆಳಗೆ ಎಲ್ಲ ಎಂದಿನ ಹಾಗೆ ಕಂಡಿತು. ಯಂತ್ರಗಳು ಚಪ್ ಚಪ್ ಅಂದವು, ಹಾಲು ಗಾಜಿನ ಕೊಳವೆಯಲ್ಲಿ ಓಡಿತು, ಹಸುಗಳು ಒಂದೊಂದಾಗಿ ಉಸಿರು ಬಿಟ್ಟು ಮೆಲುಕು ಹಾಕಿದವು. ವಿಯಾನೆ ಯಾವುದೋ ಪೋಲಿ ಜೋಕು ಹೇಳಿದ. ನಾನು ನಕ್ಕೆ. ದೇವರಾಣೆ, ಗಟ್ಟಿಯಾಗಿ ನಕ್ಕೆ. ಆ ನಗು ನೆನಪಾದಾಗಲೆಲ್ಲ ನನಗೆ ನನ್ನ ಮೇಲೇ ಹೇಸಿಗೆ ಬರುತ್ತೆ.

ಅತ್ತೆಗೆ ಅಂತ ಒಂದು ಲೋಟ ಬೆಚ್ಚಗಿನ ಹಾಲು ತಗೊಂಡು ಒಳಗೆ ಬಂದೆ. ಅವರು ಕುರ್ಚಿಯಲ್ಲಿ ಕೂತೇ ಇದ್ದರು, ಕೊಳವೆ ಮೂಗಲ್ಲೇ ಇತ್ತು, ಮುಖ ಬೀದಿ ಕೋಣೆಯ ಕಡೆ ತಿರುಗಿತ್ತು. ಕೋಲು ನೆಲದ ಮೇಲೆ ಬಿದ್ದಿತ್ತು. ಕರೆದೆ. ಇನ್ನೊಂದ್ಸಲ ಕರೆದೆ. ಮುಟ್ಟಿದೆ. ಆಮೇಲೆ ನಾನು ಏನು ಮಾಡಿದೆನೋ ಸರಿಯಾಗಿ ನೆನಪಿಲ್ಲ. ಹಾಲು ನೆಲದ ಮೇಲೆ ಚೆಲ್ಲಿತ್ತು, ಗಿಲೆನ್ ಓಡಿ ಬಂದಿದ್ದ, ಕೊಳವೆ ಯಂತ್ರಕ್ಕೆ ಸಿಕ್ಕಿಸು ಸಿಕ್ಕಿಸು ಅಂತ ನಾನು ಕಿರುಚುತ್ತಿದ್ದೆ. ಸಿಕ್ಕಿಸಿದ. ಯಂತ್ರ ಗುರುಗುಟ್ಟಿತು. ಅವರ ಎದೆ ಏಳಲಿಲ್ಲ.

ವಿಯಾನೆ ಬಾಗಿಲಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತ. ಒಳಗೆ ಬಂದು ಶಿಲುಬೆಯ ಗುರುತು ಹಾಕಿಕೊಂಡ. ಹೊಲದಾಚೆ ಲಾಬೆಲ್‌ನ ಹಸುಗಳು ಕೂಗುತ್ತಲೇ ಇದ್ದವು. ವಿಯಾನೆ ಹೊರಗೆ ನೋಡಿದ, ನಮ್ಮನ್ನು ನೋಡಿದ, ಕೈಯಲ್ಲಿ ಟೋಪಿ ತಿರುಗಿಸುತ್ತ ನಿಂತ.

"ತಗೊಂಡು ಹೋಗು," ಅಂದ ಗಿಲೆನ್. "ಪಾಳಿ ಅವರದು."

ಟ್ರ್ಯಾಕ್ಟರ್ ಹೋಯಿತು, ದೀಪ ಹೋಯಿತು. ನಾವಿಬ್ಬರೂ ಸೇರಿ ಅವರನ್ನು ಬೀದಿ ಕೋಣೆಗೆ ಎತ್ತಿಕೊಂಡು ಹೋದೆವು. ಒಣಗಿದ ಹುಲ್ಲಿನ ಕಟ್ಟಿನಷ್ಟು ಹಗುರ. ಸೋಫಾದ ಮೇಲೆ ಮಲಗಿಸಿ, ದಾರಿ ತೆರೆಯೋವರೆಗೂ ದೇಹ ಕೆಡದಿರಲಿ ಅಂತ ಕಿಟಕಿ ಸ್ವಲ್ಪ ತೆಗೆದೆವು. ಅಲ್ಲಿ ಬೆಂಕಿ ಹಚ್ಚೋ ಹಾಗಿರಲಿಲ್ಲ, ಟಾರ್ಚ್ ಹಿಡಿದಿದ್ದೆ. ಅದರ ಬೆಳಕು ಸಿಲಿಂಡರಿನ ಮೇಲೆ ಬಿತ್ತು.

ಗುಂಡಿ ಎರಡರ ಮೇಲಿರಲಿಲ್ಲ. ಒಂದಕ್ಕೂ ಕೆಳಗೆ, ಇನ್ನೇನು ಮುಚ್ಚಿತು ಅನ್ನೋ ಹಾಗೆ ನಿಂತಿತ್ತು. ಮುಳ್ಳು ಅರ್ಧಕ್ಕಿಂತ ಮೇಲೇ.

ನಿಂತಲ್ಲೇ ಎಲ್ಲ ತಿಳಿಯಿತು. ಜಪಸರ ಅಲ್ಲ, ತಿರುಹೃದಯ ಅಲ್ಲ. ನಾನು ಬೆನ್ನು ತಿರುಗಿಸಿದ ತಕ್ಷಣ ಬಂದು ಇಳಿಸೋದು, ನನ್ನ ಬೂಟಿನ ಸದ್ದು ಕೇಳಿದ ತಕ್ಷಣ ಬಂದು ಏರಿಸೋದು. ಸೈನ್ಯದವರು ನಾಡಿದ್ದು ಬಂದ್ರೂ ಸಾಕಾಗಬೇಕು, ಸೊಸೆ ಮತ್ತೆ ಟ್ರ್ಯಾಕ್ಟರಿಗೆ ಅಡ್ಡ ನಿಲ್ಲಬಾರದು. ಯಂತ್ರಕ್ಕೆ ಆಮೇಲೆ ಸಿಕ್ಕಿಸು ಅಂದದ್ದೂ ಅದಕ್ಕೇ, ಗುಂಡಿ ಮುಚ್ಚೋಕೆ ನಾನು ಇಲ್ಲಿಗೆ ಬಂದ್ರೆ ಕಂಡುಬಿಡುತ್ತಿತ್ತು. ಕೊನೇ ಸಲ ಇಳಿಸಿ ಹೋದವರಿಗೆ ಎದ್ದು ಬಂದು ಏರಿಸೋಕೆ ಆಗಲಿಲ್ಲ. ಆಲೂಗಡ್ಡೆ ಸಿಪ್ಪೆ ಉಳಿಸಿದ ಹಾಗೆ ಉಸಿರು ಉಳಿಸಿದ್ದರು ಮಹಾತಾಯಿ.

"ಗಿಲೆನ್," ಅಂದೆ. "ನೋಡು."

ಅವನು ನೋಡಿದ. ಎಷ್ಟೋ ಹೊತ್ತು ನೋಡಿದ. ಸಿಲಿಂಡರ್ ಸಣ್ಣಗೆ ಸುಸ್ ಅನ್ನುತ್ತಲೇ ಇತ್ತು. ಆಮೇಲೆ ಮೊಣಕಾಲೂರಿ ಬಗ್ಗಿ, ಗುಂಡಿಯನ್ನು ಪೂರ್ತಿ ಮುಚ್ಚಿದ.

"ಏನು ಮಾಡ್ತಿದೀಯ?"

"ಸುಮ್ನೆ ಪೋಲಾಗುತ್ತೆ," ಅಂದ. "ಯಾರಿಗಾದ್ರೂ ಬೇಕಾಗ್ಬೋದು."

ಆ ಮಾತು ಕೇಳಿದ್ದೇ ತಡ ನನ್ನ ಒಳಗೆ ಏನೋ ಕಿತ್ತುಕೊಂಡು ಬಂತು. ಅವನ ಬೆನ್ನಿಗೆ ಗುದ್ದಿದೆ. ಎರಡೂ ಕೈಯಿಂದ, ಮಡಿಸೋಕೆ ಬಾರದ ಬೆರಳಿಂದಲೇ ಗುದ್ದಿದೆ. "ಪೋಲಾಗ್ಲಿ! ಪೋಲಾಗ್ಲಿ ಕಣೋ! ಅವರ ಪಾಲಿನದು ಅದು, ಅವರೇ ಖರ್ಚು ಮಾಡಲಿ!" ಅವನನ್ನು ತಳ್ಳಿ ಗುಂಡಿ ಹಿಡಿದು ತಿರುಗಿಸಿದೆ. ಎರಡು ದಾಟಿ, ಮೂರು ದಾಟಿ, ಇನ್ನು ತಿರುಗದು ಅನ್ನೋವರೆಗೂ ತಿರುಗಿಸಿದೆ. ಗಾಳಿ ಜೋರಾಗಿ ಭುಸುಗುಟ್ಟಿತು. ಕೊಳವೆಯನ್ನು ತಂದು ಸಿಲಿಂಡರಿಗೂ ಅತ್ತೆಯ ಮೂಗಿಗೂ ಮತ್ತೆ ಸಿಕ್ಕಿಸಿದೆ. ಹುಚ್ಚು ಅಂತ ನನಗೂ ಗೊತ್ತಿತ್ತು.

ಗಿಲೆನ್ ತಡೆಯಲಿಲ್ಲ. ನೆಲದ ಮೇಲೆ ನನ್ನ ಪಕ್ಕ ಕೂತು, ತಾಯಿಯ ಕಾಲ ಮೇಲೆ ತಲೆಯಿಟ್ಟು, ನಾನು ಯಾವತ್ತೂ ಕೇಳದ ಧ್ವನಿಯಲ್ಲಿ ಅಳೋಕೆ ಶುರುಮಾಡಿದ. ನಾನು ಟಾರ್ಚ್ ಆರಿಸಿದೆ. ಮಳೆ ಕಿಟಕಿಗೆ ಟಪಟಪ ಹೊಡೆಯುತ್ತಿತ್ತು, ಸಿಲಿಂಡರ್ ಖಾಲಿಯಾಗುತ್ತಿತ್ತು. ಹೊಲದಾಚೆ ಜನರೇಟರ್ ಗುಡುಗಿತು. ಸ್ವಲ್ಪ ಹೊತ್ತಿಗೆ ಲಾಬೆಲ್‌ನ ಹಸುಗಳು ಒಂದೊಂದಾಗಿ ಸುಮ್ಮನಾದವು.